ಬಿಸಿಗೆ ನೀರಾಗುವ ಲೋಳೆ: ಮುರಿಯುತ್ತಿರುವುದು ಮೈಸೆಲ್ಲೋ, ಅಣುವೋ?

ಪ್ರಶ್ನೆ: ನಾನು ಗಂಗಾವತಿಯವನು, ಎಂ.ಎಸ್ಸಿ. ಕೆಮಿಸ್ಟ್ರಿ ಮುಗಿಸಿದ್ದೇನೆ. ಸೋದರಮಾವನ ಅಕ್ಕಿ ತೌಡಿನ ಎಣ್ಣೆ ಮಿಲ್ ಇದೆ. ಆ ಎಣ್ಣೆಯ ಫ್ಯಾಟಿ ಆ್ಯಸಿಡ್‌ನಿಂದ ಅಮಿಡೋಪ್ರೊಪೈಲ್ ಬೀಟೈನ್ (ಶಾಂಪೂಗೆ ಹಾಕುವ ಸೋಪಿನಂಥ ವಸ್ತು) ಮಾಡಿದೆ. ನೀರಿಗೆ 4% ಹಾಕಿ, 3% ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿದರೆ ಒಳ್ಳೆ ಲೋಳೆ ಆಗುತ್ತದೆ. ಆದರೆ 60 ಡಿಗ್ರಿಗೆ ತೆಳುವಾಗುತ್ತದೆ, 90ಕ್ಕೆ ಕೆಲವೇ ನಿಮಿಷದಲ್ಲಿ ಪೂರ್ತಿ ನೀರು. ಎಣ್ಣೆಬಾವಿಯ ಫ್ರಾಕ್ಚರಿಂಗ್‌ಗೆ 120 ಡಿಗ್ರಿ ದಾಟಿದರೂ ಮಂದ ಇರಬೇಕಂತೆ. ನ್ಯಾನೊ ಕಣ ಹಾಕಿದರೆ ಸರಿಹೋಗುತ್ತಾ? ಇನ್ನೇನು ಸೇರಿಸಬೇಕು?

ಉತ್ತರ: ಸದ್ಯಕ್ಕೆ ಏನೂ ಸೇರಿಸಬೇಡಿ. 90ಕ್ಕೆ ಕಾಯಿಸಿದ ಅದೇ ಟ್ಯೂಬನ್ನು ಸುಮ್ನೆ ಟೇಬಲ್ ಮೇಲೆ ಇಟ್ಟು, ತಣ್ಣಗಾದ ಮೇಲೆ ನೋಡಿ. ಲೋಳೆ ವಾಪಸ್ ಬಂತಾ? ನಿಮ್ಮ ಪತ್ರದಲ್ಲಿ ಬಿಸಿ ಮಾಡಿದ ಕಥೆ ಇದೆ, ಆರಿಸಿದ ಕಥೆ ಇಲ್ಲ. ನನಗೆ ಬೇಕಾಗಿದ್ದು ಅದೇ.

ಯಾಕೆ ಅಂದರೆ ಬಿಸಿಯಲ್ಲಿ ತೆಳುವಾಗುವುದು ಒಂದು ಕಾಯಿಲೆ ಅಲ್ಲ, ಎರಡು. ಒಂದರಲ್ಲಿ ಅಣುಗಳು ಚೆನ್ನಾಗೇ ಇರುತ್ತವೆ, ಅವು ಕಟ್ಟಿಕೊಂಡ ಸರಪಳಿ, ಅಂದರೆ ಮೈಸೆಲ್, ಮಾತ್ರ ತುಂಡಾಗುತ್ತದೆ. ಆರಿದರೆ ಮತ್ತೆ ಕಟ್ಟಿಕೊಳ್ಳುತ್ತದೆ. ಇನ್ನೊಂದರಲ್ಲಿ ಅಣುವೇ ಮುರಿದುಹೋಗಿರುತ್ತದೆ. ಅದು ಆರಿದರೂ ಬರುವುದಿಲ್ಲ, ಏನು ಮಾಡಿದರೂ ಬರುವುದಿಲ್ಲ. ಒಂದರ ಔಷಧ ಇನ್ನೊಂದಕ್ಕೆ ನಾಟುವುದಿಲ್ಲ. ಹತ್ತಾರು ವರ್ಷ ಆಯಿಲ್‌ಫೀಲ್ಡ್ ಕೆಮಿಕಲ್ ಮಾಡಿ ಈಗ ಬಳ್ಳಾರಿಗೆ ಬಂದು ಕೂತಿರುವ ನಾನು ನೋಡಿದ್ದೇನೆಂದರೆ, ಈ ಎರಡನ್ನು ಬೇರೆ ಮಾಡದೆ ತಿಂಗಳುಗಟ್ಟಲೆ ಅದು ಹಾಕಿ ಇದು ಹಾಕಿ ಒದ್ದಾಡುವವರೇ ಜಾಸ್ತಿ. ನಾನೂ ಒಮ್ಮೆ ಒದ್ದಾಡಿದ್ದೇನೆ, ಆ ಕಥೆ ಮುಂದೆ ಹೇಳುತ್ತೇನೆ.

ನಿಮ್ಮದು 90 ಡಿಗ್ರಿಗೇ, ಅದೂ ಕೆಲವು ನಿಮಿಷದಲ್ಲೇ ನೀರಾಗಿದೆ ಅಂದಮೇಲೆ, ಮೊದಲನೇ ಕಾಯಿಲೆ ಅಂತಲೇ ನನ್ನ ಅಂದಾಜು. ಬೀಟೈನ್ ಅಣು ಅಷ್ಟು ಬೇಗ ಮುರಿಯುವಂಥದ್ದಲ್ಲ. ಹಾಗಾಗಿ ಅದನ್ನೇ ಮೊದಲು ಬಿಡಿಸಿ ಹೇಳುತ್ತೇನೆ.

ಬೇರೆ ಓದುಗರಿಗಾಗಿ ಎರಡು ಮಾತು. ನಮ್ಮ ಕಡೆ ಬತ್ತಿದ ಬೋರ್‌ವೆಲ್‌ಗೆ ಹೈಡ್ರೋಫ್ರಾಕ್ಚರಿಂಗ್ ಮಾಡಿಸುವುದು ಹೊಸದಲ್ಲ. ನೀರನ್ನು ಭಾರೀ ಒತ್ತಡದಲ್ಲಿ ನೂಕಿ ಕಲ್ಲಿನ ಬಿರುಕು ಬಿಡಿಸುತ್ತಾರೆ. ಎಣ್ಣೆಬಾವಿಯಲ್ಲೂ ಅದೇ ಕೆಲಸ, ಆದರೆ ಅಲ್ಲಿ ಬಿಟ್ಟ ಬಿರುಕು ಮತ್ತೆ ಮುಚ್ಚಿಕೊಳ್ಳದ ಹಾಗೆ ಒಳಗೆ ಮರಳು ತುಂಬಬೇಕು. ಬರೀ ನೀರಲ್ಲಿ ಮರಳು ಮುಳುಗಿಬಿಡುತ್ತದೆ ಅಲ್ವಾ? ಅದಕ್ಕೇ ನೀರನ್ನು ಮಂದ ಮಾಡುವುದು. ಮರಳು ತಲುಪಬೇಕಾದ ಕಡೆ ತಲುಪಿದ ಮೇಲೆ ಆ ದ್ರವ ಮತ್ತೆ ತೆಳುವಾಗಿ ಹೊರಗೆ ಬರಬೇಕು, ಇಲ್ಲದಿದ್ದರೆ ತೆಗೆದ ದಾರಿಯನ್ನು ಅದೇ ಮುಚ್ಚುತ್ತದೆ. 1947ರಲ್ಲಿ ಅಮೆರಿಕದ ಕನ್ಸಾಸ್‌ನ ಹ್ಯೂಗಟನ್ ಗ್ಯಾಸ್ ಕ್ಷೇತ್ರದಲ್ಲಿ ಮೊದಲ ಪ್ರಯೋಗ ಮಾಡಿದಾಗ ಬಳಸಿದ್ದು ನೀರಲ್ಲ, ನಾಪಾಮ್ ಹಾಕಿ ಮಂದ ಮಾಡಿದ ಪೆಟ್ರೋಲು! ಆಮೇಲೆ ಗೋರಿಕಾಯಿ ಬೀಜದ ಗೋಂದು ಬಂತು, ಅದೇ ಗ್ವಾರ್ ಗಮ್. ಹೌದು, ನಾವು ರೊಟ್ಟಿ ಜೊತೆ ಪಲ್ಯ ಮಾಡಿ ತಿನ್ನುವ ಚವಳಿಕಾಯಿಯೇ. 2012ರ ಹೊತ್ತಿಗೆ ಅಮೆರಿಕದ ಶೇಲ್ ಕಲ್ಲಿನ ಎಣ್ಣೆ-ಗ್ಯಾಸ್ ಬಾವಿಗಳ ಹಸಿವಿಗೆ ಅದರ ಬೆಲೆ ಎಷ್ಟು ಏರಿತೆಂದರೆ ನಮ್ಮಲ್ಲಿ ಅದರ ಫ್ಯೂಚರ್ಸ್ (ಮುಂಗಡ) ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು.

ಗ್ವಾರ್‌ನ ತೊಂದರೆ ಏನೆಂದರೆ ಗಸಿ. ಎಷ್ಟೇ ಒಡೆದರೂ ಸ್ವಲ್ಪ ಕರಗದ ಕಸ ಉಳಿದು ಮರಳಿನ ಸಂದಿ ಮುಚ್ಚುತ್ತದೆ. ಸೋಪಿನ ಜಾತಿಯ ಸರ್ಫ್ಯಾಕ್ಟಂಟ್, ಅಂದರೆ ನಿಮ್ಮ ಬೀಟೈನ್‌ನಂಥವು, ಕಟ್ಟುವ ಲೋಳೆಯಲ್ಲಿ ಆ ಗಸಿ ಇಲ್ಲ. ಎಣ್ಣೆ ತಾಗಿದರೆ ಅಥವಾ ಒಳಗಿನ ನೀರು ಬೆರೆತರೆ ತಾನೇ ತೆಳುವಾಗುತ್ತದೆ. 1990ರ ದಶಕದ ಕೊನೆಗೆ ಇದು ಫ್ರಾಕ್ಚರಿಂಗ್‌ಗೆ ಬಂದಿದ್ದೇ ಈ ಕಾರಣಕ್ಕೆ. ಬೆಲೆ ಮಾತ್ರ ಕೈ ಸುಡುತ್ತದೆ. ಗ್ವಾರ್ ಅರ್ಧ ಪರ್ಸೆಂಟ್‌ಗಿಂತ ಕಡಿಮೆ ಸಾಕು, ಇದು 2ರಿಂದ 6% ಬೇಕು.

ಈಗ ನಿಮ್ಮ ಟ್ಯೂಬಿನ ಒಳಗೆ ಬರೋಣ. ನಿಮ್ಮ ಬೀಟೈನ್ ಅಣುವಿಗೆ ನೀರು ಇಷ್ಟಪಡುವ ತಲೆ, ಎಣ್ಣೆ ಇಷ್ಟಪಡುವ ಬಾಲ. ಬಾಲಗಳೆಲ್ಲ ಒಳಗೆ, ತಲೆಗಳೆಲ್ಲ ಹೊರಗೆ ಆಗಿ ಗುಂಪು ಕಟ್ಟುತ್ತವೆ. ತಲೆ ದಪ್ಪ ಇದ್ದರೆ ಗುಂಪು ಉಂಡೆ ಆಗುತ್ತದೆ. ಉಂಡೆಗಳಿಂದ ನೀರು ಮಂದ ಆಗುವುದಿಲ್ಲ. ಉಪ್ಪು ಹಾಕಿದಾಗ ತಲೆಗಳ ನಡುವಿನ ತಳ್ಳಾಟ ಕಡಿಮೆ ಆಗಿ ಅವು ಒತ್ತಾಗಿ ಕೂರುತ್ತವೆ, ಆಗ ಉಂಡೆ ಉದ್ದವಾಗಿ ಶಾವಿಗೆ ಎಳೆ ಆಗುತ್ತದೆ. ಇವನ್ನು ಹುಳದಂಥ ಮೈಸೆಲ್ ಅಂತಾರೆ. ಎಳೆಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡರೆ ಅದೇ ನಿಮ್ಮ ಲೋಳೆ. ಶಾಂಪೂಗೆ ಉಪ್ಪು ಹಾಕಿ ಮಂದ ಮಾಡುವುದು ಇದೇ ಗುಟ್ಟಿನಿಂದ. ಆದರೆ ಉಪ್ಪು ಜಾಸ್ತಿ ಆದರೆ ಮತ್ತೆ ತೆಳುವಾಗುತ್ತದೆ. ನೀವು 3% ಒಂದೇ ನೋಡಿದ್ದೀರಿ ಅನ್ನಿಸುತ್ತದೆ. 1ರಿಂದ 10ರವರೆಗೆ ಹತ್ತು ಟ್ಯೂಬ್ ಮಾಡಿ, ಅದೂ ಕೋಣೆಯ ಶಾಖದಲ್ಲಿ ಅಲ್ಲ, 80 ಡಿಗ್ರಿಯಲ್ಲಿ. ಲೋಳೆ ಅತಿ ಮಂದವಾಗುವ ಉಪ್ಪಿನ ಪ್ರಮಾಣ ಎರಡು ಶಾಖದಲ್ಲೂ ಒಂದೇ ಇರುವುದಿಲ್ಲ.

ಈ ಶಾವಿಗೆಗೆ ಒಂದು ವಿಚಿತ್ರ ಗುಣ ಇದೆ. ಸದಾ ತುಂಡಾಗುತ್ತಾ, ಸದಾ ಕೂಡಿಕೊಳ್ಳುತ್ತಾ ಇರುತ್ತದೆ. 1987ರಲ್ಲಿ ಮೈಕೆಲ್ ಕೇಟ್ಸ್ ಅನ್ನುವ ಬ್ರಿಟಿಷ್ ಭೌತವಿಜ್ಞಾನಿ ಇದರ ಲೆಕ್ಕ ಕಟ್ಟಿಕೊಟ್ಟರು. ಒಂದು ಎಳೆ ತುಂಡಾದರೆ ಎರಡು ಹೊಸ ತುದಿ ಹುಟ್ಟುತ್ತವೆ. ತುದಿಯಲ್ಲಿ ಅಣುಗಳು ಅರ್ಧ ಉಂಡೆಯ ಆಕಾರದಲ್ಲಿ ಬಾಗಿ ಕೂರಬೇಕು, ಅದು ಅವಕ್ಕೆ ಹಿಂಸೆ. ಆ ಹಿಂಸೆಗೆ ಇಷ್ಟು ಶಕ್ತಿ ಅಂತ ಬೆಲೆ ಕಟ್ಟಬಹುದು. ಬಿಸಿ ಏರಿದಷ್ಟೂ ಆ ಬೆಲೆ ತೆರುವುದು ಸುಲಭ, ತುದಿಗಳು ಜಾಸ್ತಿ, ಎಳೆಗಳು ಗಿಡ್ಡ. ಈ ಇಳಿಕೆ ಸ್ವಲ್ಪ ಸ್ವಲ್ಪವಾಗಿ ಆಗುವಂಥದ್ದಲ್ಲ, ಎಕ್ಸ್‌ಪೊನೆನ್ಷಿಯಲ್, ಅಂದರೆ ಹೆಜ್ಜೆ ಹೆಜ್ಜೆಗೂ ಪಟ್ಟು ಪಟ್ಟಾಗಿ ಇಳಿಯುವಂಥದ್ದು. ಅದಕ್ಕೇ 60ರಲ್ಲಿ ಸ್ವಲ್ಪ ತೆಳು, 90ರಲ್ಲಿ ಪೂರ್ತಿ ನೀರು.

ಅಂದಮೇಲೆ ನಿಮಗೆ ಬೇಕಾಗಿರುವುದು ತುದಿಯ ಬೆಲೆ ದುಬಾರಿ ಇರುವ ಅಣು. ಅದಕ್ಕೆ ದೊಡ್ಡ ದಾರಿ ಒಂದೇ: ಉದ್ದನೆಯ ಬಾಲ. ಅಕ್ಕಿ ತೌಡಿನ ಎಣ್ಣೆಯಲ್ಲಿ ಏನಿದೆ ನೋಡಿ. ಸುಮಾರು 40% ಓಲಿಕ್, ಮೂರನೇ ಒಂದು ಭಾಗದಷ್ಟು ಲಿನೋಲಿಕ್, ಉಳಿದಿದ್ದರಲ್ಲಿ ಹೆಚ್ಚಿನದು ಪಾಮಿಟಿಕ್. ಓಲಿಕ್, ಲಿನೋಲಿಕ್ ಎರಡೂ 18 ಕಾರ್ಬನ್, ಪಾಮಿಟಿಕ್ 16. ಬಿಸಿಬಾವಿಯ ಸರ್ಫ್ಯಾಕ್ಟಂಟ್‌ಗಳೆಲ್ಲ ಹೆಚ್ಚಾಗಿ 22 ಕಾರ್ಬನ್ ಬಾಲದವು. ಅದು ಸಿಗುವುದು ಎರ್ಯೂಸಿಕ್ ಆ್ಯಸಿಡ್‌ನಿಂದ, ಅಂದರೆ ಸಾಸಿವೆ ಎಣ್ಣೆಯಿಂದ. ನಾಲ್ಕೇ ಕಾರ್ಬನ್ ಅಂತ ಅನ್ನಿಸಬಹುದು, ಆದರೆ ಲೆಕ್ಕ ಎಕ್ಸ್‌ಪೊನೆನ್ಷಿಯಲ್ ಅಲ್ವಾ, ನಾಲ್ಕು ಕಾರ್ಬನ್ ಅಲ್ಲಿ ಬೆಟ್ಟದಷ್ಟು. 2001ರಲ್ಲಿ ರಾಘವನ್ ಮತ್ತು ಕೇಲರ್ 22 ಕಾರ್ಬನ್‌ನ ಕ್ಯಾಟಯಾನಿಕ್ (ಧನ ವಿದ್ಯುದಂಶದ ತಲೆಯ) ಸರ್ಫ್ಯಾಕ್ಟಂಟ್ ಮೇಲೆ ಪ್ರಕಟಿಸಿದ ಕೆಲಸ ಹುಡುಕಿ ಓದಿ. ನಿಮ್ಮದು ನೀರಾಗುವ 90 ಡಿಗ್ರಿ ಹತ್ತಿರ ಅವರದು ಇನ್ನೂ ಮಂದವಾಗೇ ಇತ್ತು.

ಹಾಗಾದರೆ ಡಬಲ್ ಬಾಂಡ್ ಇಲ್ಲದ 22 ಕಾರ್ಬನ್ ಬೆಹೆನಿಕ್ ತಗೊಂಡರೆ ಇನ್ನೂ ಗಟ್ಟಿ ಅಲ್ವಾ ಅಂತ ಕೇಳಬಹುದು. ಅದು ತಣ್ಣನೆ ನೀರಲ್ಲಿ ಕರಗುವುದೇ ಇಲ್ಲ, ಮೇಣದ ಹಾಗೆ ಕೂತುಬಿಡುತ್ತದೆ. ಬಾವಿ ಬಳಿ ಟ್ಯಾಂಕರ್‌ನಲ್ಲಿ ಸಲೀಸಾಗಿ ಬೆರೆಯದಿದ್ದರೆ ಯಾರೂ ಕೊಳ್ಳುವುದಿಲ್ಲ. ಎರ್ಯೂಸಿಕ್‌ನ ನಡುವಿನ ಒಂದು ಡಬಲ್ ಬಾಂಡ್ ಬಾಲವನ್ನು ಸ್ವಲ್ಪ ಬಗ್ಗಿಸಿ ಕರಗುವ ಹಾಗೆ ಮಾಡುತ್ತದೆ. ಅದರ ಕರಗುವ ಬಿಂದು 33-34 ಡಿಗ್ರಿ. ನಮ್ಮ ಬಳ್ಳಾರಿಯಲ್ಲಿ ಏಪ್ರಿಲ್‌ನಲ್ಲಿ ಬಾಟ್ಲಿ ತೆಗೆದರೆ ಎಣ್ಣೆ, ಡಿಸೆಂಬರ್ ಬೆಳಿಗ್ಗೆ ತೆಗೆದರೆ ತುಪ್ಪ. ಓಲಿಕ್ 13ರ ಆಸುಪಾಸಿಗೇ ಕರಗುವುದರಿಂದ, ಸಾಸಿವೆಯ ಫ್ಯಾಟಿ ಆ್ಯಸಿಡನ್ನು ನಿಧಾನಕ್ಕೆ ತಣ್ಣಗೆ ಮಾಡಿ ಎರ್ಯೂಸಿಕ್ ಬೇರೆ ಮಾಡುವುದಕ್ಕೂ ಇದು ಅನುಕೂಲ.

ಈಗ ನಾನು ಒದ್ದಾಡಿದ ಕಥೆ. ಕೆಲಸಕ್ಕಿದ್ದ ಕಡೆ ಒಂದೇ ಹೆಸರಿನ, ಒಂದೇ ವಿಧಾನದ ಎರಡು ಬ್ಯಾಚ್ ಬಂದವು. ಒಂದು 120ರಲ್ಲಿ ನಿಂತಿತು, ಇನ್ನೊಂದು 95ಕ್ಕೇ ಬಿದ್ದುಹೋಯಿತು. ಮೂರು ವಾರ ಉಪ್ಪು ಬದಲಿಸಿದೆವು, ನೀರು ಬದಲಿಸಿದೆವು, ಮಷೀನ್ ಮೇಲೆ ಅನುಮಾನಪಟ್ಟೆವು, ಕೊನೆಗೆ ರಾತ್ರಿ ಪಾಳಿಯ ಹುಡುಗನ ಮೇಲೂ. ಗ್ಯಾಸ್ ಕ್ರೊಮಟೊಗ್ರಫಿ (ಮಿಶ್ರಣದಲ್ಲಿ ಯಾವುದು ಎಷ್ಟಿದೆ ಅಂತ ತೋರಿಸುವ ಪರೀಕ್ಷೆ) ಮಾಡಿಸಿದಾಗ ಗೊತ್ತಾಗಿದ್ದು, ಎರಡನೇ ಬ್ಯಾಚಿನ ಫ್ಯಾಟಿ ಆ್ಯಸಿಡ್ ಬಂದಿದ್ದು ಬೇರೆ ಸಾಸಿವೆಯಿಂದ. ಅಡುಗೆಗೆ ಒಳ್ಳೆಯದು ಅಂತ ಎರ್ಯೂಸಿಕ್ ಕಡಿಮೆ ಮಾಡಿ ಬೆಳೆಸಿದ ತಳಿಗಳಿವೆ. ಹಳೆ ತಳಿಯಲ್ಲಿ ಎಣ್ಣೆಯ 40-50% ಎರ್ಯೂಸಿಕ್ ಇದ್ದರೆ ಈ ತಳಿಗಳಲ್ಲಿ 2%ಕ್ಕಿಂತ ಕಡಿಮೆ. ಅಂದಿನಿಂದ ಡ್ರಮ್ ಮೇಲಿನ ಲೇಬಲ್ ನೋಡಿ ನಾನು ಏನನ್ನೂ ನಂಬಿಲ್ಲ. ನೀವೂ ಸಾಸಿವೆಗೆ ಹೋದರೆ ಮೊದಲು ಗ್ಯಾಸ್ ಕ್ರೊಮಟೊಗ್ರಫಿ, ಆಮೇಲೆ ದುಡ್ಡು. ಎರ್ಯೂಸಿಕ್ 85-90% ಇರುವ ಹಾಗೆ ನೋಡಿಕೊಳ್ಳಿ. ಗಿಡ್ಡ ಬಾಲಗಳು ಸ್ವಲ್ಪವೇ ಇದ್ದರೂ ಅವು ಹೋಗಿ ಕೂರುವುದು ಸರಿಯಾಗಿ ತುದಿಗಳಲ್ಲೇ, ತುದಿಯ ಬೆಲೆ ಇಳಿಸುವುದೇ ಅವುಗಳ ಕೆಲಸ.

ಇನ್ನೊಂದು ಸಣ್ಣ ವಿಷಯ, ಆದರೆ ನಿಮ್ಮಲ್ಲೂ ಇರಬಹುದು. ಬೀಟೈನ್ ಮಾಡುವಾಗ, ಅಂದರೆ ಫ್ಯಾಟಿ ಆ್ಯಸಿಡ್‌ನಿಂದ ಮೊದಲ ಹಂತದಲ್ಲಿ ಬಂದ ಅಮಿಡೋಅಮೈನ್‌ಗೆ ಸೋಡಿಯಂ ಕ್ಲೋರೋಅಸಿಟೇಟ್ ಹಾಕುವಾಗ, ಮಿಶ್ರಣ ಗಟ್ಟಿಯಾಗಿ ಕಲಕಲು ಆಗದೆ ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸಿದ್ದೀರಾ? ಸೇರಿಸಿದ್ದರೆ ಅದು ಈಗಲೂ ಅಲ್ಲೇ ಇದೆ. ಈ ಆಲ್ಕೋಹಾಲ್ ಎಳೆಗಳನ್ನು ಕತ್ತರಿಸುವ ಕತ್ತರಿ. ಒಂದು ಸ್ಯಾಂಪಲ್‌ನಿಂದ ಅದನ್ನು ಪೂರ್ತಿ ಹಾರಿಸಿ ಮತ್ತೆ ಅಳೆದು ನೋಡಿ. ಇದೇ ಕ್ರಿಯೆಯಲ್ಲಿ ಅಡುಗೆ ಉಪ್ಪು ಕೂಡ ಹುಟ್ಟುತ್ತದೆ, ನಿಮ್ಮ 3%ರ ಲೆಕ್ಕಕ್ಕೆ ಅದನ್ನೂ ಸೇರಿಸಿ. ಮೊದಲ ಹಂತದ ಡೈಮಿಥೈಲ್‌ಅಮಿನೊಪ್ರೊಪೈಲ್‌ಅಮೈನ್ ಚರ್ಮ ಸುಡುತ್ತದೆ, ಮಿಲ್ಲಿನ ಮೂಲೆಯಲ್ಲಿ ಬರಿಗೈಲಿ ಸುರಿಯುವಂಥದ್ದಲ್ಲ ಅದು.

ತಲೆಯ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಕಾರ್ಬಾಕ್ಸಿ ತಲೆಯ ಬದಲು ಸಲ್ಫೊನೇಟ್ ತಲೆ ಇರುವ ಹೈಡ್ರಾಕ್ಸಿಸಲ್ಟೇನ್ ಮಾಡಿದರೆ ಗಡಸು ನೀರು, ಆ್ಯಸಿಡ್ ಎರಡನ್ನೂ ಚೆನ್ನಾಗಿ ತಡೆಯುತ್ತದೆ. ಸಲ್ಫೊನೇಟ್ ತಲೆ ಅಂಟಿಸಲು ಪ್ರೊಪೇನ್ ಸಲ್ಟೋನ್ ಹಾಕುವ ಹಳೇ ದಾರಿ ಹಿಡಿಯಬೇಡಿ, ಅದು ಕ್ಯಾನ್ಸರ್ ತರುವ ವಸ್ತು. ಕ್ಲೋರೊಹೈಡ್ರಾಕ್ಸಿಪ್ರೊಪೇನ್ ಸಲ್ಫೊನೇಟ್ ದಾರಿ ಇದೆ. ಎರಡು ತಲೆ ಎರಡು ಬಾಲದ ಜೆಮಿನಿ ಸರ್ಫ್ಯಾಕ್ಟಂಟ್‌ಗಳೂ ಬಿಸಿಗೆ ಗಟ್ಟಿ, ಆದರೆ ಮಾಡುವ ಖರ್ಚು ನೋಡಿದರೆ ಮೊದಲ ಪ್ರಯತ್ನಕ್ಕೆ ಅಲ್ಲ.

ಈಗ ಎರಡನೇ ಕಾಯಿಲೆ. 22 ಕಾರ್ಬನ್ ಬಾಲ ಬಂದು 120ರಲ್ಲಿ ಲೋಳೆ ನಿಂತಿತು ಅಂದುಕೊಳ್ಳಿ. ಹತ್ತು ನಿಮಿಷ ನಿಂತಿದ್ದು ಎರಡು ಗಂಟೆ ನಿಲ್ಲುತ್ತದಾ? ನಿಮ್ಮ ಅಣುವಿನ ಕುತ್ತಿಗೆಯಲ್ಲಿ ಅಮೈಡ್ ಬಂಧ ಇದೆ. ಬಿಸಿನೀರು ಅದನ್ನು ನಿಧಾನವಾಗಿ ಕಡಿಯುತ್ತದೆ, ಆ್ಯಸಿಡ್ ಇದ್ದರೆ ಬೇಗ, ಕ್ಷಾರ ಜಾಸ್ತಿ ಇದ್ದರೂ ಬೇಗ. ಕಡಿದರೆ ನೀವು ಶುರು ಮಾಡಿದ ಫ್ಯಾಟಿ ಆ್ಯಸಿಡ್ಡೇ ವಾಪಸ್, ಮೇಲೆ ಎಣ್ಣೆಪದರ ತೇಲುತ್ತದೆ. ಎಸ್ಟರ್ ಬಂಧ ಇದಕ್ಕಿಂತ ಬೇಗ ಮುರಿಯುತ್ತದೆ. ಬಟ್ಟೆ ಮೆತ್ತಗೆ ಮಾಡುವ ಸಾಫ್ಟ್‌ನರ್‌ಗಳಲ್ಲಿ ಎಸ್ಟರ್‌ಕ್ವಾಟ್ ಅಂತ ಒಂದು ಜಾತಿ ಇದೆ, ಅದನ್ನು ಮಾಡಿರುವುದೇ ಚರಂಡಿ ನೀರಲ್ಲಿ ಬೇಗ ಕೊಳೆಯಲಿ ಅಂತ. ನಮ್ಮೂರ ಜೀನ್ಸ್ ವಾಷಿಂಗ್ ಘಟಕದವರು ಯಾರಾದರೂ "ನಮ್ಮ ಸಾಫ್ಟ್‌ನರ್ ಟ್ರೈ ಮಾಡಿ" ಅಂದರೆ ನಕ್ಕು ಟೀ ಕುಡಿದು ಬನ್ನಿ. ಅಮೈಡೇ ಇಲ್ಲದ, ಬಾಲ ನೇರವಾಗಿ ಸಾರಜನಕಕ್ಕೆ ಅಂಟಿದ ಬೀಟೈನ್ ಇನ್ನೂ ಗಟ್ಟಿ, ದುಬಾರಿ ಕೂಡ.

ಡಬಲ್ ಬಾಂಡ್‌ಗೆ ಇನ್ನೊಬ್ಬ ಶತ್ರು ನೀರಲ್ಲಿ ಕರಗಿದ ಆಮ್ಲಜನಕ. ಎರಡು ಡಬಲ್ ಬಾಂಡ್ ಇರುವ ಲಿನೋಲಿಕ್ ಎಲ್ಲಕ್ಕಿಂತ ಮೊದಲು ಕೆಡುತ್ತದೆ, ತೌಡಿನ ಎಣ್ಣೆಯ ಇನ್ನೊಂದು ಮೈನಸ್ ಅದು. ಗ್ವಾರ್ ದ್ರವಗಳಿಗೆ ಬಿಸಿ ತಡೆಯಲಿ ಅಂತ ಸೋಡಿಯಂ ಥಯೊಸಲ್ಫೇಟ್ ಹಾಕುವ ರೂಢಿ ಇದೆ, ಆಮ್ಲಜನಕವನ್ನು ಅದು ತಿಂದುಬಿಡುತ್ತದೆ. ಇಲ್ಲೂ ಹಾಕಿ ನೋಡಬಹುದು. ಒಂದು ಟ್ಯೂಬಿಗೆ ಅದು, ಇನ್ನೊಂದಕ್ಕೆ ನೈಟ್ರೋಜನ್ ಊದಿ, ಮೂರನೆಯದು ಹಾಗೇ. ಮೂರರ ವ್ಯತ್ಯಾಸವೇ ಉತ್ತರ ಹೇಳುತ್ತದೆ.

ಅಳೆಯುವುದು ಹೇಗೆ? ಸರಿಯಾದ ಮಷೀನ್ ಅಂದರೆ ಒತ್ತಡದ ಕೋಶ ಇರುವ ರಿಯೋಮೀಟರ್, ದ್ರವವನ್ನು ತಿರುಗಿಸಿ ಅದರ ಮಂದತ್ವ ಅಳೆಯುವಂಥದ್ದು. ನೀರು ಕುದಿಯದ ಹಾಗೆ ಮೇಲಿಂದ ನೈಟ್ರೋಜನ್ ಒತ್ತಡ ಕೊಟ್ಟು, ಸೆಕೆಂಡಿಗೆ 100 ಅಥವಾ 170 ಶಿಯರ್‌ನಲ್ಲಿ (ದ್ರವದ ಪದರಗಳು ಒಂದರ ಮೇಲೊಂದು ಜಾರುವ ವೇಗ) ಒಂದೆರಡು ಗಂಟೆ ತಿರುಗಿಸುತ್ತಾರೆ. ಚೀನಾದ ತೈಲ ಉದ್ಯಮದ ಮಾನದಂಡದಲ್ಲಿ 170 ಶಿಯರ್‌ಗೆ ಗ್ವಾರ್ ದ್ರವ 50 ಸೆಂಟಿಪಾಯ್ಸ್ (ಮಂದತ್ವದ ಅಳತೆ) ಉಳಿಸಿಕೊಳ್ಳಬೇಕು, ಸರ್ಫ್ಯಾಕ್ಟಂಟ್‌ಗೆ 20 ಸಾಕು. ಈ ರಿಯಾಯಿತಿ ಸುಮ್ನೆ ಕೊಟ್ಟಿದ್ದಲ್ಲ. ಈ ಲೋಳೆಗೆ ರಬ್ಬರಿನಂಥ ಎಳೆತ ಇದೆ, ಮರಳನ್ನು ಹಿಡಿದು ನಿಲ್ಲಿಸುವುದು ಅದು.

ಆ ಮಷೀನ್ ನಿಮ್ಮ ಹತ್ತಿರ ಇರುವುದಿಲ್ಲ, ಗೊತ್ತು. ಮೊದಲ ಕಾಯಿಲೆಗೆ 50ರಿಂದ 90ರವರೆಗೆ ಹತ್ತು ಹತ್ತು ಡಿಗ್ರಿಗೆ ಸಾಮಾನ್ಯ ವಿಸ್ಕೋಮೀಟರ್‌ನಲ್ಲೇ ಅಳೆದು, ವಿಸ್ಕಾಸಿಟಿಯ ಲಾಗ್ ಒಂದು ಕಡೆ, ಕೆಲ್ವಿನ್ ತಾಪದ ವಿಲೋಮ ಇನ್ನೊಂದು ಕಡೆ ಹಾಕಿ ಗೆರೆ ಎಳೆಯಿರಿ. ಎರಡು ಮಿಶ್ರಣಗಳಲ್ಲಿ ಯಾವುದು ಎಷ್ಟು ಬೇಗ ಇಳಿಯುತ್ತಿದೆ ಅಂತ ಹೋಲಿಸಲು ಇದು ಸಾಕು, 120ರಲ್ಲಿ ಇಷ್ಟೇ ಇರುತ್ತದೆ ಅಂತ ಭವಿಷ್ಯ ಹೇಳಲು ಸಾಲದು. ಎರಡನೇ ಕಾಯಿಲೆಗೆ ಕಾಲೇಜು ಲ್ಯಾಬ್‌ಗಳಲ್ಲಿ ಸಿಗುವ, ಒಳಗೆ ಟೆಫ್ಲಾನ್ ಬಟ್ಟಲು ಇರುವ ಸ್ಟೀಲ್ ಆಟೊಕ್ಲೇವ್ ತಗೊಳ್ಳಿ. ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ತುಂಬಬೇಡಿ. ಓವನ್‌ನಲ್ಲಿ 120ಕ್ಕೆ ಎರಡು, ನಾಲ್ಕು, ಎಂಟು ಗಂಟೆ ಇಟ್ಟು, ಪೂರ್ತಿ ಆರಿದ ಮೇಲೆ ತೆಗೆದು ಅಳೆಯಿರಿ. ದಯವಿಟ್ಟು ಬಿಗಿ ಮುಚ್ಚಿದ ಗಾಜಿನ ಬಾಟ್ಲಿಯಲ್ಲಿ ಮಾಡಬೇಡಿ. 120 ಡಿಗ್ರಿಯಲ್ಲಿ ಹಬೆಯ ಒತ್ತಡ ಸುಮಾರು 2 ಬಾರ್, ಅಂದರೆ ನಿಮ್ಮನೆ ಕುಕ್ಕರ್‌ನಷ್ಟು, 180ಕ್ಕೆ ಹೋದರೆ 10 ಬಾರ್. ಮನೆ ಕುಕ್ಕರನ್ನೂ ಮುಟ್ಟಬೇಡಿ, ಅಮ್ಮನವರು ಸುಮ್ಮನಿರುವುದಿಲ್ಲ.

ನೀರು ಲ್ಯಾಬಿನ ಡಿಸ್ಟಿಲ್ಡ್ ಒಂದೇ ಅಲ್ಲ, ನಿಮ್ಮೂರ ಬೋರಿನ ನೀರಲ್ಲೂ ಒಮ್ಮೆ ಮಾಡಿ ನೋಡಿ. ನಮ್ಮ ಭಾಗದ ಬೋರ್ ನೀರು ಎಷ್ಟು ಗಡಸು ಅಂತ ಹೇಳಬೇಕಾಗಿಲ್ಲ. ಬೀಟೈನ್ ತಡೆಯುತ್ತದೆ, ಆದರೆ ಕ್ರಿಯೆಗೆ ಸೇರದೆ ಉಳಿದ ಫ್ಯಾಟಿ ಆ್ಯಸಿಡ್ ಸೋಪಾಗಿ ಕ್ಯಾಲ್ಸಿಯಂ ಜೊತೆ ಗಸಿ ಕಟ್ಟುತ್ತದೆ. ಗಸಿ ಬಂದರೆ ನಿಮ್ಮ ಮೊದಲ ಹಂತ ಪೂರ್ತಿ ಆಗಿಲ್ಲ ಅಂತ ಅರ್ಥ.

ನ್ಯಾನೊ ಕಣ ಕೇಳಿದಿರಿ. ಜಿಂಕ್ ಆಕ್ಸೈಡ್, ಮೆಗ್ನೀಸಿಯಂ ಆಕ್ಸೈಡ್ ಕಣಗಳು ಎಳೆಗಳ ನಡುವೆ ಗಂಟು ಹಾಕಿದ ಹಾಗೆ ನಿಂತು 120ರ ಆಸುಪಾಸಿನಲ್ಲಿ ಲೋಳೆಯನ್ನು ಉಳಿಸಿದ ಕೆಲಸಗಳು ಪ್ರಕಟವಾಗಿವೆ, ಸುಳ್ಳಲ್ಲ. ಆದರೆ ಗಂಟು ಹಾಕಲು ಎಳೆ ಇರಬೇಕಲ್ಲ? 90ಕ್ಕೇ ಎಳೆಗಳು ನುಚ್ಚಾಗಿರುವಾಗ ಕಣ ಯಾವುದನ್ನು ಹಿಡಿಯಬೇಕು? ಅದು ಕೊನೆಯ ಹತ್ತಿಪ್ಪತ್ತು ಡಿಗ್ರಿಗೆ ಬೇಕಾಗುವ ಮಸಾಲೆ. ಅಕ್ಕಿ ಬೇಯದೆ ಒಗ್ಗರಣೆ ಹಾಕಿ ಪ್ರಯೋಜನ ಇಲ್ಲ.

ಇಷ್ಟು ಹೇಳಿ ತೌಡಿನ ಎಣ್ಣೆ ದಂಡ ಅಂತ ಮಾವನಿಗೆ ಹೇಳಿಬಿಡಬೇಡಿ. ಆಳಕ್ಕೆ ಹೋದಂತೆ ಬಿಸಿ ಏರುವುದು ಸಾಮಾನ್ಯವಾಗಿ ಕಿಲೋಮೀಟರಿಗೆ 25-30 ಡಿಗ್ರಿ. ಹಟ್ಟಿ ಗಣಿಗೆ ಇಳಿದವರನ್ನು ಕೇಳಿದರೆ ಕೆಳಗಿನ ಸೆಕೆಯ ಬಗ್ಗೆ ಹೇಳುತ್ತಾರೆ. ಮೂರು-ನಾಲ್ಕು ಕಿಲೋಮೀಟರ್ ಆಳದ ಬಾವಿಗೆ 120-150 ಬೇಕು, ಆಂಧ್ರ ಕರಾವಳಿಯ ಕೃಷ್ಣಾ-ಗೋದಾವರಿ ಕಣಿವೆಯ ಕೆಲವು ಆಳದ ಬಾವಿಗಳು ಅದಕ್ಕಿಂತಲೂ ಬಿಸಿ. ಅಲ್ಲಿಗೆ ನಿಮ್ಮ ಲೋಳೆ ಬೇಡ. ಆದರೆ ರಾಣಿಗಂಜ್, ಝರಿಯಾ, ಬೊಕಾರೊ ಕಡೆ ಕಲ್ಲಿದ್ದಲಿನ ಪದರದಿಂದ ಮೀಥೇನ್ ತೆಗೆಯುವ ಬಾವಿಗಳಿವೆ. ಆಳ ಕಡಿಮೆ, ಬಿಸಿಯೂ ಕಡಿಮೆ. ಅವಕ್ಕೂ ಫ್ರಾಕ್ಚರಿಂಗ್ ಮಾಡುತ್ತಾರೆ. ಕಲ್ಲಿದ್ದಲಿನ ಸಣ್ಣ ಬಿರುಕುಗಳಿಗೆ ಗ್ವಾರ್ ಗಸಿ ದೊಡ್ಡ ತಲೆನೋವು, ಗಸಿ ಇಲ್ಲದ ದ್ರವಕ್ಕೆ ಅಲ್ಲಿ ಅರ್ಥ ಇದೆ. ಅಲ್ಲಿ ದ್ರವ ಎಣ್ಣೆ ಸಿಗುವುದಿಲ್ಲವಾದ್ದರಿಂದ ಲೋಳೆ ತಾನಾಗಿ ಒಡೆಯಲು ಪದರದಿಂದ ಬರುವ ನೀರಿನ ಬೆರಕೆಯನ್ನೇ ನಂಬಬೇಕು, ಸಾಲದಿದ್ದರೆ ಬ್ರೇಕರ್ ಹಾಕಬೇಕು. ಕಲ್ಲಿದ್ದಲು ಸರ್ಫ್ಯಾಕ್ಟಂಟನ್ನು ಹೀರಿಕೊಳ್ಳುತ್ತದೆ ಅನ್ನುವುದು ಇನ್ನೊಂದು ತೊಡಕು, ಪುಡಿ ಕಲ್ಲಿದ್ದಲು ಹಾಕಿ ಅಲುಗಾಡಿಸಿ ಮುಂಚೆ ಎಷ್ಟು, ಆಮೇಲೆ ಎಷ್ಟು ಅಂತ ನೋಡಿ. ನಿಮ್ಮ 4%ರ ಲೋಳೆ 50 ಡಿಗ್ರಿಯಲ್ಲಿ ಮರಳು ಹಿಡಿಯುತ್ತದಾ ಅಂತ ನೋಡಲು ಬಿಸಿನೀರಿನ ಪಾತ್ರೆ, ಒಂದು ಅಳತೆ ಸಿಲಿಂಡರ್, ಜರಡಿ ಹಿಡಿದ ಮರಳು, ಗಡಿಯಾರ ಸಾಕು.

ಮುಂದಿನ ಪತ್ರದಲ್ಲಿ ನಾಲ್ಕು ವಿಷಯ ಬರೆಯಿರಿ: ಆರಿದ ಮೇಲೆ ಲೋಳೆ ವಾಪಸ್ ಬಂತೋ ಇಲ್ಲವೋ, ಪಿಎಚ್ ಕಾಯಿಸುವ ಮುಂಚೆ ಎಷ್ಟು ಆಮೇಲೆ ಎಷ್ಟು, ಆಲ್ಕೋಹಾಲ್ ಎಷ್ಟು ಹಾಕಿದ್ದಿರಿ, ಮತ್ತೆ 50 ಡಿಗ್ರಿಯಲ್ಲಿ ಮರಳು ತಳ ಮುಟ್ಟಲು ಎಷ್ಟು ನಿಮಿಷ ತಗೊಂಡಿತು. ತೊಳೆದ ನೀರನ್ನು ಮಾತ್ರ ಎಡದಂಡೆ ಕಾಲುವೆಗೆ ಬಿಡಬೇಡಿ, ಮೀನಿಗೆ ಸರ್ಫ್ಯಾಕ್ಟಂಟ್ ಒಳ್ಳೆಯದಲ್ಲ.